ಅಡಿಕೆ ಅಂಗಳದಲ್ಲೇ ವೀಲ್ ಅಲೈನ್‌ಮೆಂಟ್ ಮಾಡಬಹುದಾ?

ಪ್ರಶ್ನೆ: ಸರ್, ನಮ್ಮದು ಹಳೇ ಮಾರುತಿ ಆಲ್ಟೊ 800. ಹೋದ ತಿಂಗಳು ಎಡಗಡೆ ಟೈ ರಾಡ್ ಎಂಡ್ ಬದಲಿಸಿದೆವು. ಆವತ್ತಿಂದ ನೇರ ರಸ್ತೆಯಲ್ಲೂ ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ. ಮುಂದಿನ ಟೈರುಗಳ ಅಂಚೂ ಸವೆಯುತ್ತಿದೆ. ಅಲೈನ್‌ಮೆಂಟ್‌ಗೆ ಸಾಗರಕ್ಕೆ ಹೋದರೆ ಒಂದು ದಿನದ ತೋಟದ ಕೆಲಸ ಕೆಡುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದಾ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಮಾಡಿಕೊಳ್ಳಬಹುದು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿದ ಕೋನ), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ವಾಲಿದ ಕೋನ), ಟೋ ಅಂತ ಅಲೈನ್‌ಮೆಂಟ್‌ನಲ್ಲಿ ಮೂರು ಲೆಕ್ಕ ಇವೆ. ನಿಮ್ಮ ಕಾರಿನಲ್ಲಿ ಸ್ಪ್ಯಾನರ್‌ಗೆ ಸಿಗುವುದು ಟೋ ಒಂದೇ. ಮುಂದಿನ ಎರಡು ಚಕ್ರಗಳ ಮೂತಿ ಒಳಗೆ ತಿರುಗಿದೆಯೋ ಹೊರಗೆ ತಿರುಗಿದೆಯೋ ಅನ್ನುವುದೇ ಟೋ. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿ, ಅಂದರೆ ಟೈ ರಾಡ್ ಎಂಡ್, ಬದಲಿಸಿದಾಗ ಕೆಡುವುದೂ ಅದೇ.

ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಮಷಿನ್ ಇರಲಿಲ್ಲ. ಉಸ್ತಾದರ ಹತ್ತಿರ ಇದ್ದದ್ದು ಸೀಮೆಸುಣ್ಣ, ಟೇಪು, ಗಾರೆಯವರ ತೂಗುಗುಂಡು. ಆ ವಿಧಾನವನ್ನೇ ಹೇಳುತ್ತೇನೆ.

ಮೊದಲು ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ. ಆಮೇಲೆ ಮುಂದಿನ ಚಕ್ರ ಎತ್ತಿ ಅಲುಗಿಸಿ ನೋಡಿ. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಕಲ್ಲು ಇಡಿ. ಎಡ-ಬಲ ಹಿಡಿದಾಗ ಆಡಿದರೆ ಟೈ ರಾಡ್ ಕಡೆ ನೋಡಿ. ಮೇಲೆ-ಕೆಳಗೆ ಹಿಡಿದಾಗ ಆಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇಂಥ ಅಲುಗಾಟ (ಪ್ಲೇ) ಇದ್ದರೆ ಅದನ್ನು ಸರಿ ಮಾಡಿಸದೆ ಅಳೆಯುವುದು ಸುಮ್ನೆ ಕಷ್ಟ.

ನಿಮ್ಮ ಕಡೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇರುತ್ತದಲ್ವಾ? ಈ ಕೆಲಸಕ್ಕೆ ಅದು ಬಹಳ ಒಳ್ಳೆಯ ಜಾಗ. ನೀರು ಹರಿಯಲು ಬಿಟ್ಟ ಸಣ್ಣ ಇಳಿಜಾರು ಇದ್ದರೂ ನಡೆಯುತ್ತದೆ, ಗುಂಡಿ ಇರಬಾರದು. ಕಾರನ್ನು ನಾಲ್ಕೈದು ಅಡಿ ನೇರ ಮುಂದಕ್ಕೆ ತಳ್ಳಿ ನಿಲ್ಲಿಸಿ. ಮುಂದಿನ ಎರಡೂ ಟೈರಿನ ಹಿಂಭಾಗದಲ್ಲಿ, ಚಕ್ರದ ನಡುಮಟ್ಟದಲ್ಲಿ, ನೆಲ ಮುಟ್ಟುವ ಪಟ್ಟಿಯ ಮಧ್ಯಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಅಲ್ಲಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಚುಕ್ಕಿ ಇಡಿ. ಈಗ ಕಾರನ್ನು ಚಕ್ರದ ಅರ್ಧ ಸುತ್ತು ಮುಂದಕ್ಕೆ ತಳ್ಳಿ. ನಿಮ್ಮ 12 ಇಂಚಿನ ರಿಮ್ಮಿಗೆ ಅದು ಸುಮಾರು 84 ಸೆಂಟಿಮೀಟರ್. ಅದೇ ಗುರುತು ಮೇಲಿಂದ ಹಾದು ಮುಂಭಾಗಕ್ಕೆ ಬರುತ್ತದೆ. ಅಲ್ಲಿಂದಲೂ ಚುಕ್ಕಿ ಇಳಿಸಿ. ಒಂದೇ ಗುರುತನ್ನು ಎರಡು ಸಲ ಅಳೆಯುವುದರಿಂದ ರಿಮ್ ಸ್ವಲ್ಪ ಡೊಂಕಿದ್ದರೂ ಲೆಕ್ಕ ತಪ್ಪುವುದಿಲ್ಲ.

ಕಾರು ಸರಿಸಿ ಅಳೆಯಿರಿ. ಹಿಂದಿನ ಎರಡು ಚುಕ್ಕಿಗಳ ನಡುವಿನ ದೂರಕ್ಕಿಂತ ಮುಂದಿನ ಚುಕ್ಕಿಗಳ ನಡುವಿನ ದೂರ ಕಡಿಮೆ ಇದ್ದರೆ ಟೋ-ಇನ್, ಜಾಸ್ತಿ ಇದ್ದರೆ ಟೋ-ಔಟ್. ಸರ್ವಿಸ್ ಮ್ಯಾನುಯಲ್‌ನ ಅಂಕಿ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ, ಇಂಥ ಚಿಕ್ಕ ಕಾರಿಗೆ ನಾನು ಸೊನ್ನೆಯಿಂದ 1 ಮಿಲಿಮೀಟರ್ ಟೋ-ಇನ್ ಒಳಗೆ ನಿಲ್ಲಿಸುತ್ತೇನೆ. 5 ಮಿಲಿಮೀಟರ್ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಆದರೆ ಅಷ್ಟಿದ್ದರೆ ನಿಮ್ಮ ಒಂದೊಂದು ಮುಂದಿನ ಟೈರೂ ಪ್ರತಿ ಕಿಲೋಮೀಟರಿಗೆ ನಾಲ್ಕೂವರೆ ಮೀಟರಿನಷ್ಟು ಅಡ್ಡಕ್ಕೆ ಉಜ್ಜುತ್ತದೆ. ನಿಮ್ಮ ಟೈರಿನ ಅಂಚು ಎಲ್ಲಿ ಹೋಯಿತು ಅಂತ ಈಗ ಗೊತ್ತಾಯಿತಲ್ಲ?

ನೀವು ಬದಲಿಸಿದ್ದು ಎಡಗಡೆ ಮಾತ್ರ. ಮೊದಲು ಸ್ಟೇರಿಂಗ್ ನೆಟ್ಟಗಿತ್ತು ಅಂದರೆ ಬಲಗಡೆಯನ್ನು ಮುಟ್ಟಲೇಬೇಡಿ. ಎಡಗಡೆಯೇ ಸರಿಪಡಿಸಿ, ಸ್ಟೇರಿಂಗೂ ತಾನಾಗಿ ಮಧ್ಯಕ್ಕೆ ಬರುತ್ತದೆ. ರಾಡ್ ತಿರುಗದ ಹಾಗೆ ಹಿಡಿದಿರುವ ಲಾಕ್ ನಟ್ ಸಡಿಲಿಸಿ ರಾಡನ್ನು ಕಾಲು ಸುತ್ತು ತಿರುಗಿಸಿ, ಅದಕ್ಕಿಂತ ಜಾಸ್ತಿ ಬೇಡ. ರಾಡ್ ಆಕ್ಸಲ್‌ಗಿಂತ ಹಿಂದಿದ್ದರೆ ಉದ್ದ ಮಾಡಿದಾಗ ಟೋ-ಇನ್ ಆಗುತ್ತದೆ. ರಬ್ಬರ್ ಬೂಟ್ ರಾಡಿನ ಜೊತೆ ತಿರುಚಿಕೊಳ್ಳದ ಹಾಗೆ ಕ್ಲಿಪ್ ಬಿಚ್ಚಿಕೊಳ್ಳಿ. ಪ್ರತಿ ಸಲ ತಿರುಗಿಸಿದ ಮೇಲೂ ಕಾರನ್ನು ಹಿಂದೆ ಮುಂದೆ ಉರುಳಿಸಿಯೇ ಅಳೆಯಿರಿ. ನಿಂತಲ್ಲೇ ಅಳೆದರೆ ಟೈರು ಬಿಗಿದುಕೊಂಡು ತಪ್ಪು ಅಳತೆ ಕೊಡುತ್ತದೆ.

ಕೊನೆಗೆ ಲಾಕ್ ನಟ್. ಇದನ್ನು ಒತ್ತಿ ಹೇಳುತ್ತೇನೆ. ಒಮ್ಮೆ ನಾನು ಅದನ್ನು ಬಿಗಿಯದೆ ಒಂದು ಓಮ್ನಿ ಕಳಿಸಿಬಿಟ್ಟಿದ್ದೆ. ಆಗುಂಬೆ ಘಾಟಿ ಇಳಿಯಬೇಕಿದ್ದ ಮನೆಯವರು. ಸ್ಟೇರಿಂಗ್ ಯಾಕೋ ಸರಿ ಇಲ್ಲ ಅಂತ ದಾರಿಯಿಂದ ವಾಪಸ್ ಬಂದರು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲಿಂದ ಬಿಗಿದ ನಟ್ಟಿನಿಂದ ರಾಡಿನವರೆಗೆ ಬಿಳಿ ಪೇಂಟಿನ ಗೆರೆ ಎಳೆಯುತ್ತೇನೆ. ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ನೀವೂ ಎಳೆಯಿರಿ. ಒಂದು ವಾರ ಬಿಟ್ಟು ಬಗ್ಗಿ ನೋಡಿ.

ಇಷ್ಟೆಲ್ಲ ಮಾಡಿಯೂ ಕಾರು ಒಂದೇ ಕಡೆ ಎಳೆದರೆ ಮುಂದಿನ ಟೈರುಗಳನ್ನು ಅದಲು ಬದಲು ಮಾಡಿ ನೋಡಿ. ಎಳೆತ ಇನ್ನೊಂದು ಕಡೆಗೆ ಹೋದರೆ ತಪ್ಪು ಟೈರಿನದು. ಹೋಗದಿದ್ದರೆ ಮಷಿನ್ ಇರುವಲ್ಲಿಗೇ ಹೋಗಿ.

ಪ್ರಶ್ನೆ: 80ರ ವೇಗ ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಮಾಡಿಸಬೇಕಾ?
– ಓದುಗರು, ಹಾಸನ

ಉತ್ತರ: ಹೆಚ್ಚಾಗಿ ಅದು ಬ್ಯಾಲೆನ್ಸಿಂಗ್ ತೊಂದರೆ, ಅಂದರೆ ಚಕ್ರದ ತೂಕ ಸುತ್ತಲೂ ಸಮ ಇಲ್ಲ. ಮೊದಲು ರಿಮ್ಮಿನ ಒಳಗೆ ಕೆಸರು ಒಣಗಿ ಅಂಟಿದೆಯಾ ನೋಡಿ, ತೊಳೆಯಿರಿ. ಆಮೇಲೂ ನಡುಗಿದರೆ ಬ್ಯಾಲೆನ್ಸಿಂಗ್ ಮಾಡಿಸಿ.