ಬಿಸಿಯಾದರೆ ನಿಲ್ಲುವ ಅಂಬಾಸಿಡರ್

ಪ್ರಶ್ನೆ: ನನ್ನದು 1978ರ ಮಾರ್ಕ್ 3, ಪೆಟ್ರೋಲ್. ಅರ್ಧ ಗಂಟೆ ಓಡಿದ ಮೇಲೆ ಮಿಸ್ ಹೊಡೆದು ನಿಲ್ಲುತ್ತದೆ. ತಣಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಪ್ಲಗ್ ಹೊಸದು.

ಉತ್ತರ: ಮೊದಲ ಅನುಮಾನ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಪುಟ್ಟ ಡಬ್ಬಿ) ಮೇಲೆ, ಆಮೇಲೆ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವುದು). ಗಾಡಿ ನಿಂತ ಕೂಡಲೇ ಕಾಯಿಲ್‌ನ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ (ಕರೆಂಟನ್ನು ಪ್ಲಗ್‌ಗಳಿಗೆ ಹಂಚುವುದು) ಕಡೆಯಿಂದ ಬಿಚ್ಚಿ, ಇನ್ಸುಲೇಟೆಡ್ ಇಕ್ಕಳದಲ್ಲಿ ಎಂಜಿನ್ ಬ್ಲಾಕ್‌ನಿಂದ 6 ಮಿ.ಮೀ. ದೂರ ಹಿಡಿದು ಸೆಲ್ಫ್ ಹೊಡೆಸಿ (ಪೆಟ್ರೋಲ್ ಸೋರುತ್ತಿದ್ದರೆ ಬೇಡ). ದಪ್ಪ ನೀಲಿ ಕಿಡಿ ಬಂದರೆ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ನೋಡಿ. ಹಳದಿ ಸಣಕಲು ಕಿಡಿಯಾದರೆ ಕಂಡೆನ್ಸರ್ ಬದಲಿಸಿ, ಅಗ್ಗದ್ದೇ. ಸುಟ್ಟ ಪಾಯಿಂಟನ್ನೂ (ಕಾಯಿಲ್‌ನ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್) ಬದಲಿಸಿ, ಗ್ಯಾಪ್ 0.35–0.40 ಮಿ.ಮೀ. ಬ್ಯಾಲಾಸ್ಟ್ (ಕರೆಂಟ್ ತಗ್ಗಿಸುವ ರೆಸಿಸ್ಟರ್) ಇಲ್ಲದ ಕಾಯಿಲ್‌ನ ಪ್ರೈಮರಿ ಸುತ್ತು ಸುಮಾರು 3 ಓಮ್ ಇರಬೇಕು, ಬಿಸಿಯಿರುವಾಗಲೇ ಅಳೆಯಿರಿ.

ಹೆಚ್ಚಿನವರು ನೋಡದೇ ಬಿಡುವುದು ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್‌ಗೆ ಹೋಗುವ ಸಣ್ಣ ವೈರ್. ವ್ಯಾಕ್ಯೂಮ್ ಅಡ್ವಾನ್ಸ್ (ಕಿಡಿಯ ಸಮಯ ಹಿಂದೆಮುಂದೆ ಮಾಡುವುದು) ಪಾಯಿಂಟ್ ಕೂತ ಪ್ಲೇಟನ್ನು ತಿರುಗಿಸಿದಂತೆಲ್ಲ ಅದು ಬಾಗಿ ಬಾಗಿ, ಮೇಲೆ ಚೆನ್ನಾಗಿದ್ದರೂ ಒಳಗೆ ತಂತಿ ತುಂಡಾಗಿರುತ್ತದೆ. ಮೆಲ್ಲಗೆ ಎಳೆಯಿರಿ, ರಬ್ಬರಿನಂತೆ ಹಿಗ್ಗಿದರೆ ಅದೇ ಕಳ್ಳ.