ನಮ್ಮ ಬೆಕ್ಕಿಗೆ ಮಾತ್ರ ತೆರೆದುಕೊಳ್ಳುವ ಬಾಗಿಲನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಹಿತ್ತಲ ಬಾಗಿಲಲ್ಲಿ ಒಂದು ಕಿಂಡಿ, ಅದರ ಮುಂದೆ ಪಿಐಆರ್ (ಚಲನೆ ಗುರುತಿಸುವ) ಸೆನ್ಸರ್, ಬೆಕ್ಕು ಬಂದ ಕೂಡಲೇ ಆರ್ಡುಯಿನೋ (ಪ್ರೋಗ್ರಾಂ ಹಾಕಿ ನಡೆಸುವ ಪುಟ್ಟ ಬೋರ್ಡು) ಹೇಳಿದಂತೆ ಸರ್ವೋ ಮೋಟರ್ (ಹೇಳಿದಷ್ಟೇ ಕೋನ ತಿರುಗುವ ಮೋಟರ್) ಮುಚ್ಚಳ ಎತ್ತಬೇಕು, ಆದರೆ ಬೀದಿಯ ಗಂಡು ಬೆಕ್ಕು ಒಳಗೆ ನುಗ್ಗಬಾರದು ಅಂತ ಬರೆದಿದ್ದೀರಿ. ಕ್ಯಾಮೆರಾ ಬೇಕೇ ಅಂತಲೂ ಕೇಳಿದ್ದೀರಿ.

ಮಾಡಬಹುದು. ನಮ್ಮ ಮನೆಯಲ್ಲಿ ಇಂಥದ್ದೊಂದು ಎರಡು ವರ್ಷದಿಂದ ನಡೆಯುತ್ತಿದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮುಚ್ಚಳವನ್ನು ಮೋಟರಿನಿಂದ ಎತ್ತಿಸಬೇಡಿ. ಮೋಟರ್ ಚಿಲಕವನ್ನಷ್ಟೇ ತೆಗೆಯಲಿ, ಮುಚ್ಚಳವನ್ನು ಬೆಕ್ಕೇ ತಳ್ಳಿಕೊಳ್ಳಲಿ.

ನಾನೂ ಮೊದಲು ಮಾಡಿದ್ದು ನೀವು ಯೋಚಿಸಿದ ಹಾಗೆಯೇ. ಒಂದು ರಾತ್ರಿ ನಮ್ಮ ಕಾಡಿಗೆ (ಬೆಕ್ಕಿನ ಹೆಸರು) ಅರ್ಧ ಒಳಗೆ ಬಂದು ಅಲ್ಲೇ ನಿಂತಳು. ಬೆಕ್ಕುಗಳಿಗೆ ಹೊಸ್ತಿಲ ಮೇಲೆ ನಿಲ್ಲುವ ಅಭ್ಯಾಸವಿದೆ. ಪಿಐಆರ್ ಗುರುತಿಸುವುದು ಬಿಸಿ ಮೈಯ ಚಲನೆಯನ್ನು. ಅಲುಗಾಡದೆ ನಿಂತ ಬೆಕ್ಕು ಅದಕ್ಕೆ ಕಾಣುವುದಿಲ್ಲ. ಹೊತ್ತು ಮುಗಿಯಿತು ಅಂತ ಮುಚ್ಚಳ ಇಳಿದು ಬಾಲ ಸಿಕ್ಕಿಕೊಂಡಿತು. ಗಾಯವಾಗಲಿಲ್ಲ. ಆದರೆ ಹದಿನೈದು ದಿನ ಅವಳು ಆ ಕಡೆ ಸುಳಿಯಲಿಲ್ಲ, ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಮೇಲಾಗಿ, ಬೀದಿ ಬೆಕ್ಕಿನ ಮೈಯೂ ಬಿಸಿಯೇ ಅಲ್ಲವೇ? ಪಿಐಆರ್‌ಗೆ ಎರಡೂ ಒಂದೇ.

ಈಗಿನ ಕಿಂಡಿಗೆ ಮೇಲೆ ಕೀಲು, ಕೆಳಗೆ ತೂಗುವ ಅಕ್ರಿಲಿಕ್ ಹಲಗೆ. ಹಲಗೆಯ ಒಳಬದಿಯಲ್ಲಿ ಎಸ್‌ಜಿ90 ಸರ್ವೋಗೆ ಕಟ್ಟಿದ ಒಂದು ಸಣ್ಣ ಗೂಟ. ಗೂಟ ಎದ್ದು ನಿಂತಿದ್ದರೆ ಹೊರಗಿನಿಂದ ತಳ್ಳಲಾಗದು. ಒಳಗಿನಿಂದ ಹೊರಗೆ ಹೋಗಲು ಯಾವ ತಡೆಯೂ ಇಲ್ಲ. ಬೋರ್ಡು ಕೆಟ್ಟರೂ ಬೆಕ್ಕು ಒಳಗೆ ಬಂದಿಯಾಗುವುದಿಲ್ಲ. ನನಗೆ ಇದು ಎಲ್ಲಕ್ಕಿಂತ ಮುಖ್ಯ.

ಗುರುತು ಹಿಡಿಯಲು ಆರ್‌ಎಫ್‌ಐಡಿ (ಚಿಪ್ಪಿನಲ್ಲಿರುವ ಸಂಖ್ಯೆಯನ್ನು ರೇಡಿಯೋ ಅಲೆಯಿಂದ ಓದುವ ವಿಧಾನ) ಸಾಕು. ಇಲ್ಲೊಂದು ಕಡೆ ತುಂಬ ಜನ ಎಡವುತ್ತಾರೆ. ಪಶುವೈದ್ಯರು ಚರ್ಮದಡಿ ಹಾಕುವ, 15 ಅಂಕಿಯ ಐಎಸ್‌ಒ ಮೈಕ್ರೋಚಿಪ್ ಕೆಲಸ ಮಾಡುವುದು 134.2 ಕಿಲೋಹರ್ಟ್ಸ್‌ನಲ್ಲಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆರ್‌ಡಿಎಂ6300, ಇಎಂ-18 ಎಂಬ ಚಿಪ್ ಓದುವ ಮಾಡ್ಯೂಲುಗಳು 125 ಕಿಲೋಹರ್ಟ್ಸ್‌ನವು. ಆರ್‌ಸಿ522 ಅಂತೂ 13.56 ಮೆಗಾಹರ್ಟ್ಸ್. ಇವು ಯಾವುವೂ ಆ ಚಿಪ್ಪನ್ನು ಓದವು. ಹಾಗಾಗಿ ಕೊರಳಪಟ್ಟಿಗೆ 125 ಕಿಲೋಹರ್ಟ್ಸ್‌ನ ಪುಟ್ಟ ಬಿಲ್ಲೆ ಕಟ್ಟಿ, ಅದರ ಸಂಖ್ಯೆ ಓದಿದಾಗ ಮಾತ್ರ ಗೂಟ ಸರಿಯಲಿ. ಪಟ್ಟಿ ಮಾತ್ರ ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಬಕಲ್‌ನದ್ದಾಗಿರಲಿ. ಗಿಡಕ್ಕೋ ಗ್ರಿಲ್ಲಿಗೋ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಆರ್‌ಡಿಎಂ6300 ಓದುವ ದೂರ ಕೆಲವೇ ಸೆಂಟಿಮೀಟರ್. ಅದರ ತಂತಿಯ ಸುರುಳಿಯನ್ನು (ಆಂಟೆನಾ) ಎಲ್ಲಿಡುತ್ತೀರಿ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಾನು ಮೊದಲು ಕಿಂಡಿಯ ಮೇಲ್ಗಡೆ ಇಟ್ಟಿದ್ದೆ, ಒಂದು ಸಲವೂ ಓದಲಿಲ್ಲ. ಬಿಲ್ಲೆ ಗಂಟಲ ಕೆಳಗೆ ನೇತಾಡುತ್ತದೆ, ಬೆಕ್ಕು ತಲೆ ತಗ್ಗಿಸಿ ಹಲಗೆಗೆ ಮೂಗು ತಾಗಿಸುತ್ತದೆ. ಆ ಕ್ಷಣ ಬಿಲ್ಲೆ ಎಲ್ಲಿರುತ್ತದೋ ಅಲ್ಲಿ, ಅಂದರೆ ಕಿಂಡಿಯ ಕೆಳಗಿನ ಮರದ ಚೌಕಟ್ಟಿನಲ್ಲಿ, ಬಿಲ್ಲೆಗೆ ಮುಖಾಮುಖಿಯಾಗುವಂತೆ ಸುರುಳಿಯನ್ನು ಓರೆಯಾಗಿ ಕೂರಿಸಿ. ಒಂದಕ್ಕೊಂದು ಅಡ್ಡಡ್ಡವಾದರೆ ಓದುವುದೇ ಇಲ್ಲ. ಹತ್ತಿರದಲ್ಲಿ ಕಬ್ಬಿಣವಿದ್ದರೂ ದೂರ ಕುಗ್ಗುತ್ತದೆ.

ಸರ್ವೋಗೆ ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದ ಕರೆಂಟ್ ಕೊಡಬೇಡಿ, ಗೂಟ ಎಳೆಯುವ ಹೊತ್ತಿಗೆ ಬೋರ್ಡು ರೀಸೆಟ್ ಆಗುತ್ತದೆ. ಬೇರೆ 5 ವೋಲ್ಟ್ ಸಪ್ಲೈ, ಎರಡರ ಗ್ರೌಂಡ್ (ಮೈನಸ್ ತಂತಿ) ಒಂದಾಗಿರಲಿ, ಸರ್ವೋ ಪಕ್ಕದಲ್ಲಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್ (ಒಮ್ಮೆಲೇ ಬೇಕಾಗುವ ಕರೆಂಟನ್ನು ಕೂಡಿಟ್ಟುಕೊಡುವ ಬಿಡಿಭಾಗ). ಕರೆಂಟ್ ಹೋದಾಗ ಪವರ್ ಬ್ಯಾಂಕ್ ನಂಬಬೇಡಿ. ಎಳೆಯುವ ಕರೆಂಟ್ ಕಡಿಮೆ ಇದ್ದರೆ ಎಷ್ಟೋ ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ. ವೈಫೈ ರೂಟರಿಗೆ ಇಡುವ 12 ವೋಲ್ಟಿನ ಪುಟ್ಟ ಯುಪಿಎಸ್, ಜೊತೆಗೊಂದು ಬಕ್ ಕನ್ವರ್ಟರ್ (12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಸಾಧನ) ನನಗೆ ಸಾಕಾಗಿದೆ.

ಇನ್ನು ಕ್ಯಾಮೆರಾ. 2019ರಲ್ಲಿ ಅಮೆಜಾನ್ ಉದ್ಯೋಗಿ ಬೆನ್ ಹ್ಯಾಮ್ ತಮ್ಮ ಬೆಕ್ಕು ಬಾಯಲ್ಲಿ ಬೇಟೆ ಕಚ್ಚಿಕೊಂಡು ಬಂದರೆ 15 ನಿಮಿಷ ಬೀಗ ಹಾಕಿಕೊಳ್ಳುವ ಬಾಗಿಲು ಮಾಡಿದ್ದರು. ಅದಕ್ಕಾಗಿ ಸಾವಿರಾರು ಫೋಟೋಗಳನ್ನು ಒಂದೊಂದಾಗಿ ವಿಂಗಡಿಸಿ ಕಂಪ್ಯೂಟರಿಗೆ ಕಲಿಸಿದರು. ಕ್ಯಾಮೆರಾ ಅಂಥ ಕೆಲಸಕ್ಕೆ ಬೇಕು. ಯಾರು ಬಂದರು ಅಂತ ತಿಳಿಯುವುದಷ್ಟೇ ಆದರೆ ಬಿಲ್ಲೆಯೇ ಹೆಚ್ಚು ನಂಬಿಕಸ್ತ, ಕತ್ತಲಲ್ಲೂ.

ಕೊನೆಗೆ ಬೆಕ್ಕನ್ನು ಒಗ್ಗಿಸುವುದು. ಮೊದಲ ವಾರ ಹಲಗೆಯನ್ನು ಟೇಪಿನಿಂದ ಮೇಲೆತ್ತಿ ಅಂಟಿಸಿ, ಒಳಗಡೆ ಅದಕ್ಕಿಷ್ಟವಾದ ತಿಂಡಿ ಇಡಿ. ಎರಡನೇ ವಾರ ಹಲಗೆ ಇಳಿಸಿ, ಗೂಟ ಬೇಡ. ಸರ್ವೋದ ಕಿರ್ ಸದ್ದು ಆಮೇಲೆ ಶುರುವಾಗಲಿ. ಕಾಡಿಗೆಗೆ ಮೂರು ವಾರ ಹಿಡಿಯಿತು. ಈಗ ಅವಳು ಆ ಸದ್ದಿಗೇ ಕಾದು ನಿಂತು, ಆಮೇಲೆ ತಳ್ಳುತ್ತಾಳೆ.

ನಿಮ್ಮ ಹಿತ್ತಲ ಬಾಗಿಲು ಮರದ್ದೋ ಕಬ್ಬಿಣದ್ದೋ ತಿಳಿಸಿ. ಕಬ್ಬಿಣದ್ದಾದರೆ ಕಿಂಡಿಯ ಸುತ್ತ ಎಷ್ಟು ಅಗಲದ ಮರದ ಚೌಕಟ್ಟು ಬೇಕಾಗಬಹುದು ಅಂತ ನನ್ನ ಅಳತೆಗಳನ್ನು ನೋಡಿ ಹೇಳುತ್ತೇನೆ.