ಜುಲೈನಲ್ಲಿ ಮಡಿಕೇರಿಗೆ ಟೆಂಟ್ ಬೇಡ

ಮಂಡಿ ನೋವಿನ ಅತ್ತೆ, ಇಬ್ಬರು ಚಿಕ್ಕ ಮಕ್ಕಳು, ಜುಲೈನಲ್ಲಿ ಮಡಿಕೇರಿ. ಹೋಂಸ್ಟೇನಾ, ಹೋಟೆಲಾ, ಟೆಂಟಾ ಅಂತ ಕೇಳಿದ್ದೀರಿ. ಟೆಂಟ್ ಬಿಟ್ಟುಬಿಡಿ. ಅಲ್ಲಿ ಮಳೆ ಜೋರಾಗಿ ಹೊಡೆಯುವ ತಿಂಗಳೇ ಅದು. ಒದ್ದೆ ಹುಲ್ಲಿನಲ್ಲಿ ಕಾಲಿಟ್ಟರೆ ಜಿಗಣೆ ಹತ್ತುತ್ತದೆ. ಟೆಂಟನ್ನು ಡಿಸೆಂಬರಿಗೆ ಇಟ್ಟುಕೊಳ್ಳಿ.

ನಾನಾದರೆ ಹೋಂಸ್ಟೇ ಅಂತೀನಿ. ಬಿಸಿ ಕಡಂಬಿಟ್ಟು (ಕೊಡಗಿನ ಅಕ್ಕಿ ಕಡುಬು), ಮಕ್ಕಳಿಗೆ ಆಡೋಕೆ ಜಗಲಿ. ಆದರೆ ಫೋಟೋ ನೋಡಿ ಸುಮ್ನೆ ದುಡ್ಡು ಕಟ್ಟಬೇಡಿ. ಫೋನ್ ಮಾಡಿ ಕೇಳಿ: ಕಾರು ಬಾಗಿಲ ತನಕ ಬರುತ್ತಾ? ಮೆಟ್ಟಿಲು ಎಷ್ಟು? ಕರೆಂಟ್ ಹೋದರೆ ಏನು ವ್ಯವಸ್ಥೆ? ನಾವು ಹೋದ ಒಂದು ಮನೆಗೆ ಕೊನೆಯ ಅರ್ಧ ಕಿಲೋಮೀಟರ್ ಜೀಪೇ ಗತಿ. ತೋಟದ ಕೆಸರು ದಾರಿ, ಕತ್ತಲೆ, ನಮ್ಮಮ್ಮ ಉದ್ದಕ್ಕೂ ಸೀಟಿನ ಕಂಬಿ ಹಿಡಿದೇ ಕೂತಿದ್ದರು.

ಒಂದೇ ರಾತ್ರಿಯಾದರೆ ಪೇಟೆಯ ಹೋಟೆಲೇ ಸಾಕು. ಲಿಫ್ಟ್ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ.